ಇಂದಿನ ಧಮ್ಮ ಚಿಂತನೆ: ಆಟದ ಮನೆಯಲ್ಲಿ ಹಿರಿಯರು ಯಾರು?





ನಮ್ಮ ಬಳಗದ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮನೊಬ್ಬ ಒಂದು ಪ್ರಶ್ನೆ ಕಳಿಸಿದ್ದಾನೆ. ಭಾನುವಾರಗಳಲ್ಲಿ ಅವನು ಕೆಲವರೊಡನೆ ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಆಡುತ್ತಾನೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ ಅದು. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ, ದಾಳ ಉರುಳಿದಂತೆ ಕತೆ ಸಾಗುತ್ತದೆ. ಒಬ್ಬರನ್ನೊಬ್ಬರು ಸೋಲಿಸುವುದಲ್ಲ, ಎಲ್ಲರೂ ಸೇರಿ ಕಷ್ಟ ದಾಟುವುದೇ ಆಟ. ಗುಂಪಿನಲ್ಲಿ ಹದಿನೆಂಟರ ಹುಡುಗಿಯೂ ಇದ್ದಾಳೆ, ಐವತ್ತು ದಾಟಿದವರೂ ಇದ್ದಾರೆ. ಆ ಹಿರಿಯರು ತಮ್ಮ ಸರದಿಯ ಜೊತೆಗೆ ಎಲ್ಲರ ಸರದಿಯನ್ನೂ ತಾವೇ ಆಡಿಬಿಡುತ್ತಾರಂತೆ. ಕಿರಿಯರು ಎದುರು ಮಾತಾಡಲಾರದೆ ಸುಮ್ಮನಾಗುತ್ತಾರೆ, ಆಮೇಲೆ ಹಿಂದಿನಿಂದ ನಗುತ್ತಾರೆ. ತಮ್ಮನ ಪ್ರಶ್ನೆ ಇಷ್ಟು: “ಹಿರಿಯರಿಗೆ ಗೌರವ ಕೊಡುವುದೂ ಧಮ್ಮ, ಸಮಾನತೆಯೂ ಧಮ್ಮ. ಎರಡೂ ಎದುರುಬದುರಾದರೆ ಏನು ಮಾಡಬೇಕು?”

ಆಟ ಹೊಸದಾದರೂ ಪ್ರಶ್ನೆ ಹಳೆಯದು. ರುದ್ರಪಟ್ಟಣದಲ್ಲಾಗಲಿ, ಅರಕಲಗೂಡು ಕಡೆಯ ಬೇರೆ ಹಳ್ಳಿಯಲ್ಲಾಗಲಿ ಚೌಕಾಬಾರ ಆಡದ ಮನೆ ಕಡಿಮೆ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಅಜ್ಜಿಯ ಎದುರು ಮೊಮ್ಮಗಳು ಕೂತಿರುತ್ತಾಳೆ. ಕವಡೆಗೆ ವಯಸ್ಸು ಗೊತ್ತಿಲ್ಲ. ಗರ ಬಿದ್ದರೆ ಮೊಮ್ಮಗಳು ಅಜ್ಜಿಯ ಕಾಯಿಯನ್ನು ಹೊಡೆಯುತ್ತಾಳೆ, ಅಜ್ಜಿ ಗೊಣಗುತ್ತಾ ಮೊದಲ ಮನೆಯಿಂದ ಹೊರಡುತ್ತಾಳೆ. ಅದನ್ನು ಯಾರೂ ಅಗೌರವ ಎನ್ನುವುದಿಲ್ಲ. ಹಾಗೆಂದು ಆಟದ ನಿಯಮದಲ್ಲಿ ತಕರಾರು ಬಂದರೆ ಎಲ್ಲರೂ ತಿರುಗುವುದು ಅಜ್ಜಿಯ ಕಡೆಗೇ. ಅಂದರೆ ಗೌರವ ಬೇರೆ, ಸರದಿ ಬೇರೆ ಎಂಬುದು ನಮ್ಮ ಜನಕ್ಕೆ ಮೊದಲಿನಿಂದ ಗೊತ್ತು.

ಆದರೆ ನಮಗೆ ಈ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ತಾತಂದಿರನ್ನು ನೆನೆಯಿರಿ. ಅರವತ್ತು ವರ್ಷದವರನ್ನು ಮೇಲ್ಜಾತಿಯ ಹತ್ತು ವರ್ಷದ ಹುಡುಗ “ಏನ್ಲಾ, ಬಾರ್ಲಾ ಇಲ್ಲಿ” ಎಂದು ಕರೆಯುತ್ತಿದ್ದ ಕಾಲವಿತ್ತು. ತಾತ ಆ ಹುಡುಗನನ್ನು ಬಹುವಚನದಲ್ಲೇ ಮಾತಾಡಿಸಬೇಕಿತ್ತು. ಹಿರಿಯರನ್ನು ಗೌರವಿಸಿ ಎಂದು ಬೋಧಿಸುತ್ತಿದ್ದ ಸಮಾಜವೇ ನಮ್ಮ ಹಿರಿಯರ ವಯಸ್ಸನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಜಾತಿ ಅವರಿಂದ ಭೂಮಿಯನ್ನಷ್ಟೇ ಅಲ್ಲ, ಮುಪ್ಪಿನ ಮರ್ಯಾದೆಯನ್ನೂ ಕಿತ್ತುಕೊಂಡಿತ್ತು. ಆದ್ದರಿಂದ ನಮ್ಮ ಹಿರಿಯರೊಬ್ಬರು “ನನ್ನ ಮಾತು ಕೇಳಿ” ಎಂದು ಗಟ್ಟಿಯಾಗಿ ಹೇಳಿದರೆ ಅದನ್ನು ಬರೀ ಅಹಂಕಾರ ಎಂದು ಕಿರಿಯರು ತಳ್ಳಿಹಾಕಬಾರದು. ಆಯುಷ್ಯವಿಡೀ ಸಿಗದಿದ್ದುದನ್ನು ಅವರು ಕೇಳುತ್ತಿರಬಹುದು.

ಹಾಗಾದರೆ ವಯಸ್ಸಿನ ಹಿರಿತನವೂ ಜಾತಿಯ ಮೇಲು ಕೀಳಿನ ಹಾಗೆಯೇ? ಅಲ್ಲ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಆ ಏಣಿಯಲ್ಲಿ ಹುಟ್ಟಿದ ಮೆಟ್ಟಿಲಲ್ಲೇ ಸಾಯಬೇಕು. ವಯಸ್ಸಿನ ಏಣಿ ಹಾಗಲ್ಲ. ಇಂದಿನ ಕಿರಿಯರು ನಾಳೆ ಆ ಮೆಟ್ಟಿಲಿಗೆ ಬರುತ್ತಾರೆ. ಚೌಕಾಬಾರದಲ್ಲಿ ಎಲ್ಲರ ಕಾಯಿಯೂ ಮನೆಮನೆ ಸುತ್ತಿ ಹಣ್ಣಾಗುವ ಹಾಗೆ. ಆದರೆ ಹಿರಿತನ ಇನ್ನೊಬ್ಬರ ಬಾಯಿ ಮುಚ್ಚಿಸಲು ಬಳಕೆಯಾದ ಕ್ಷಣವೇ ಅದು ಜಾತಿಯ ಗುಣವನ್ನು ಪಡೆಯುತ್ತದೆ. ಅಲ್ಲಿ ನಾವು ಎಚ್ಚರವಾಗಿರಬೇಕು.

ಭಗವಾನ್ ಬುದ್ಧರ ಸಂಘದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಒಮ್ಮೆ ಕೆಲವು ಭಿಕ್ಕುಗಳು ಮುಂದಾಗಿ ಹೋಗಿ ಮಲಗುವ ಜಾಗವನ್ನೆಲ್ಲ ಹಿಡಿದುಬಿಟ್ಟರು. ಹಿರಿಯರಾದ ಸಾರಿಪುತ್ತರು ರಾತ್ರಿಯನ್ನು ಮರದ ಬುಡದಲ್ಲಿ ಕಳೆದರು. ಬುದ್ಧರು ಸಂಘವನ್ನು ಕೇಳಿದರು: ಮೊದಲ ಆಸನ, ಮೊದಲ ನೀರು ಯಾರಿಗೆ ಸಲ್ಲಬೇಕು? ಕ್ಷತ್ರಿಯ ಕುಲದಿಂದ ಬಂದವರಿಗೆ ಎಂದರು ಕೆಲವರು, ಬ್ರಾಹ್ಮಣ ಕುಲದಿಂದ ಬಂದವರಿಗೆ ಎಂದರು ಕೆಲವರು. ಬುದ್ಧರು ಎರಡನ್ನೂ ಒಪ್ಪಲಿಲ್ಲ. ಸಂಘಕ್ಕೆ ಮೊದಲು ಬಂದವರೇ ಹಿರಿಯರು ಎಂದು ನಿಯಮ ಮಾಡಿದರು. ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆಯಾಗಿ, ಶಾಕ್ಯ ರಾಜಕುಮಾರರು ಆಮೇಲೆ ದೀಕ್ಷೆ ಪಡೆದು ಅವನಿಗೆ ತಲೆಬಾಗಿದ್ದು ಈ ಕ್ರಮದಿಂದಲೇ. ನೋಡಿ, ಬುದ್ಧರ ಸಂಘದಲ್ಲಿ ಹಿರಿತನವು ಜಾತಿಯನ್ನು ಮುರಿಯುವ ಸಾಧನವಾಗಿತ್ತು.

ಅದೇ ಬುದ್ಧರು ಇನ್ನೊಂದು ಕಡೆಯನ್ನೂ ತೋರಿಸಿದರು. ಇಷ್ಟು ಚಿಕ್ಕ ವಯಸ್ಸಿನ ನಿಮಗೆ ಬೋಧಿ ದೊರೆಯಿತೆ ಎಂದು ಕೋಸಲದ ರಾಜ ಪಸೇನದಿ ಸಂಶಯಪಟ್ಟಾಗ, ರಾಜಕುಮಾರ, ಹಾವು, ಬೆಂಕಿ, ಭಿಕ್ಕು ಈ ನಾಲ್ವರನ್ನು ಚಿಕ್ಕವರೆಂದು ಕಡೆಗಣಿಸಬಾರದು ಎಂದು ಉತ್ತರ ಕೊಟ್ಟರು. ಕುಳ್ಳಗಿದ್ದ ಲಕುಂಟಕ ಭದ್ದಿಯರನ್ನು ನೋಡಿದವರು ಯಾರೋ ಚಿಕ್ಕ ಸಾಮಣೇರ ಎಂದುಕೊಂಡಾಗ, ತಲೆ ನರೆತ ಮಾತ್ರಕ್ಕೆ ಯಾರೂ ಥೇರರಾಗುವುದಿಲ್ಲ ಎಂದು ತಿಳಿಹೇಳಿದರು.

ಬಾಬಾಸಾಹೇಬರ ಬದುಕಿನಲ್ಲೂ ಈ ಎರಡು ಕಡೆಗಳಿವೆ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗೋಷ್ಠಿಯಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ ಬರೀ 25 ವರ್ಷ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ 65ರ ಬಾಬಾಸಾಹೇಬರು ತಮಗಿಂತ ಹಿರಿಯರಾದ ಭಿಕ್ಕು ಚಂದ್ರಮಣಿಯವರಿಂದ ತ್ರಿಸರಣ ಪಂಚಶೀಲ ಪಡೆದರು. ಆಮೇಲೆ ನೆರೆದ ಲಕ್ಷಾಂತರ ಜನಕ್ಕೆ ತಾವೇ ದೀಕ್ಷೆ ಕೊಟ್ಟರು. ಎಲ್ಲ ವಯಸ್ಸಿನವರಿಗೂ ಅವೇ 22 ಪ್ರತಿಜ್ಞೆಗಳು. ನಮ್ಮ ಮನೆಗಳಲ್ಲೂ ಅಜ್ಜಿ ಮತ್ತು ಮೊಮ್ಮಗಳು ಒಂದೇ ದಿನ ದೀಕ್ಷೆ ಪಡೆದದ್ದಿದೆ. ಮಗ ಮೊದಲು ಪಡೆದು, ವರ್ಷಗಳ ನಂತರ ಅಪ್ಪ ಬಂದದ್ದೂ ಇದೆ. ದೀಕ್ಷೆಯ ಲೆಕ್ಕ ಹಿಡಿದರೆ ಯಾರು ಹಿರಿಯರು, ಯಾರು ಕಿರಿಯರು? ಬದುಕಿನಲ್ಲಿ ಅಪ್ಪ ಹಿರಿಯ, ಧಮ್ಮದ ದಾರಿಯಲ್ಲಿ ಮಗ ನಾಲ್ಕು ಹೆಜ್ಜೆ ಮುಂದೆ. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ತಮ್ಮನಿಗೆ ನನ್ನ ಉತ್ತರ ಇದು. ಹಿರಿಯರಿಗೆ ಮೊದಲ ಆಸನ ಕೊಡಿ, ಆದರೆ ಎಲ್ಲರ ಸರದಿಯನ್ನೂ ಕೊಡಬೇಡಿ. ನಿಯಮ ತಿಳಿಸುವುದು, ಹೊಸಬರಿಗೆ ಜಾಗ ಮಾಡುವುದು, ಅಳುಕುವವರನ್ನು ಮಾತಿಗೆ ಕರೆಯುವುದು ಹಿರಿಯರ ಹೊಣೆ. ಮಗು ಎಂದು ಬೇಕಂತಲೇ ಸೋತುಕೊಡುವುದೂ ಗೌರವವಲ್ಲ, ಅದೂ ಆ ಮಗುವಿನ ಆಟವನ್ನು ನಾವೇ ಆಡಿದಂತೆ. ಕಿರಿಯರ ಹೊಣೆ ಏನೆಂದರೆ ಹಿಂದಿನಿಂದ ನಗುವುದನ್ನು ಬಿಟ್ಟು ಎದುರಿಗೇ ಹೇಳುವುದು: “ಸರ್, ಇದು ಅವಳ ಸರದಿ. ಅವಳು ಆಡಲಿ.” ಇಷ್ಟು ಹೇಳಲು ದನಿ ಏರಿಸಬೇಕಾಗಿಲ್ಲ, ಏಕವಚನವೂ ಬೇಕಾಗಿಲ್ಲ. ಇದೇ ಸಮ್ಮಾ ವಾಚಾ.

ಇಂದಿನ ಅಭ್ಯಾಸ: ಮನೆಯಲ್ಲಿ, ಸಂಘದ ಸಭೆಯಲ್ಲಿ, ವಿಹಾರದಲ್ಲಿ ಇವತ್ತು ಎಲ್ಲರಿಗಿಂತ ಚಿಕ್ಕವರು ಒಂದು ಮಾತು ಮುಗಿಸುವವರೆಗೆ ಕಾಯೋಣ. ಎಲ್ಲರಿಗಿಂತ ಹಿರಿಯರಿಗೆ ಕುರ್ಚಿ ಕೊಟ್ಟು ಅವರ ಕಾಲದ ಒಂದು ಸಂಗತಿ ಕೇಳೋಣ. ಇದಕ್ಕೆ ಹತ್ತು ನಿಮಿಷ ಸಾಕು.

ಜೈ ಭೀಮ್. ನಮೋ ಬುದ್ಧಾಯ.