ದಂಡನೆ ಮತ್ತು ಮರುವಿಚಾರಣೆ: ಅನೇಕಾಂತದ ಬೆಳಕಿನಲ್ಲಿ

ಗ್ರಾಮದ ಜನರು ಮತ ನೀಡಿ ಆರಿಸಿದ ವ್ಯಕ್ತಿಯನ್ನು ಅವಧಿ ಮುಗಿಯುವ ಮೊದಲೇ ಸ್ಥಾನದಿಂದ ಇಳಿಸುವ ಅಧಿಕಾರ ಯಾರಿಗಿರಬೇಕು? ಹಾಗೆ ಇಳಿಸಿದ್ದು ನ್ಯಾಯವೋ ಅಲ್ಲವೋ ಎಂದು ಮತ್ತೆ ಪರಿಶೀಲಿಸುವವರು ಯಾರು? ಮೇಲ್ನೋಟಕ್ಕೆ ಇದು ವಕೀಲರ ಪ್ರಶ್ನೆ. ಆದರೆ ದಂಡಿಸುವವನ ಮನಸ್ಸು ಎಷ್ಟು ಶುದ್ಧವಾಗಿರಬೇಕೆಂಬ ಧರ್ಮಪ್ರಶ್ನೆಯೂ ಇದರೊಳಗೆ ಅಡಗಿದೆ.

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂತಹ ಗ್ರಾಮದಿಂದ ಈ ವಿಚಾರವನ್ನು ನೋಡುವುದು ಉಚಿತ. ಅಲ್ಲಿನ ಪಂಚಾಯತಿಗೆ ಅನ್ವಯಿಸುವುದು 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ. ಇಂದು ಅದಕ್ಕೆ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವೆಂಬ ಹೆಸರಿದೆ. ಕರ್ತವ್ಯದಲ್ಲಿ ದುರ್ನಡತೆ ತೋರಿದ ಸದಸ್ಯನನ್ನು, ಅವನ ಅಹವಾಲು ಆಲಿಸಿ ವಿಚಾರಣೆ ನಡೆಸಿದ ಬಳಿಕ ತೆಗೆದುಹಾಕುವ ಅಧಿಕಾರವನ್ನು ಅದರ 43-ಎ ಪ್ರಕರಣವು ಸರ್ಕಾರಕ್ಕೆ ಕೊಟ್ಟಿದೆ. ಅಧ್ಯಕ್ಷ, ಉಪಾಧ್ಯಕ್ಷರ ವಿಷಯದಲ್ಲಿ ಇಂತಹದೇ ಅಧಿಕಾರ 48ನೆಯ ಪ್ರಕರಣದಲ್ಲಿದೆ. ಇದು ಅವಿಶ್ವಾಸ ನಿರ್ಣಯವಲ್ಲ. ಅವಿಶ್ವಾಸದಲ್ಲಿ ಸೋತವನು ಸ್ಥಾನವನ್ನಷ್ಟೇ ಕಳೆದುಕೊಳ್ಳುತ್ತಾನೆ. ದುರ್ನಡತೆಯ ಆದೇಶಕ್ಕೆ ಗುರಿಯಾದವನು ಮಾನವನ್ನೂ ಕಳೆದುಕೊಳ್ಳುತ್ತಾನೆ.

ಸರ್ಕಾರದ ಇಂತಹ ಆದೇಶವನ್ನು ಪ್ರಶ್ನಿಸುವವರು ಸಾಮಾನ್ಯವಾಗಿ ಸಂವಿಧಾನದ 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸುತ್ತಾರೆ. ಬೆಳಕವಾಡಿಯ ಕಡೆಯ ಕೂಲಿಕಾರ ಸದಸ್ಯೆಯೊಬ್ಬಳಿಗೆ ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಬೆಂಗಳೂರು, ವಕೀಲರ ಶುಲ್ಕ, ವಾಯಿದೆಯ ಮೇಲೆ ವಾಯಿದೆ ಇವೆಲ್ಲ ಸುಲಭದ ಮಾತಲ್ಲ. ಮೇಲಾಗಿ ರಿಟ್ ಅರ್ಜಿಯಲ್ಲಿ ನ್ಯಾಯಾಲಯವು ಮುಖ್ಯವಾಗಿ ನೋಡುವುದು ಆದೇಶ ಹೊರಟ ಕ್ರಮವನ್ನು. ಸಾಕ್ಷ್ಯವನ್ನು ಹೊಸದಾಗಿ ತೂಗುವುದು ವಿರಳ. ಮೇಲ್ಮನವಿಯ ಅಧಿಕಾರವುಳ್ಳ ನ್ಯಾಯಮಂಡಲಿಯಾದರೆ ಸಂಗತಿಗಳ ಒಳಗೂ ಇಳಿಯಬಲ್ಲದು. ವೇಲ್ಸ್ ದೇಶದಲ್ಲಿ ಸ್ಥಳೀಯ ಶಿಸ್ತು ಸಮಿತಿಗಳ ನಿರ್ಣಯದ ಮೇಲಿನ ಮೇಲ್ಮನವಿಗಳನ್ನು ಆಲಿಸುವ ಇಂತಹ ಮಂಡಲಿಯಿದೆ. ನಮ್ಮಲ್ಲಿ ಅಂತಹದನ್ನು ರಚಿಸಿದರೂ ಅದರ ತೀರ್ಪು ಕೊನೆಯದಾಗದು. ಯಾವ ನ್ಯಾಯಮಂಡಲಿಯೂ ಉಚ್ಚ ನ್ಯಾಯಾಲಯದ ಪರಿಶೀಲನೆಯನ್ನು ಮೀರಿದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಎಲ್. ಚಂದ್ರಕುಮಾರ್ ದಾವೆಯಲ್ಲಿ ಸಾರಿದೆ.

ಇಷ್ಟೊಂದು ಮರುವಿಚಾರಣೆ ಏಕೆ ಬೇಕು? ಜೈನದರ್ಶನ ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ವಸ್ತು ಅನಂತಧರ್ಮಾತ್ಮಕ, ಛದ್ಮಸ್ಥನಾದ ಮಾನವನಿಗೆ ಕಾಣುವುದು ಅದರ ಒಂದು ಮುಖ ಮಾತ್ರ. ಅಧ್ಯಕ್ಷೆಯೊಬ್ಬಳು ಕಾಮಗಾರಿ ಮುಗಿಯುವ ಮುನ್ನ ಬಿಲ್ಲಿಗೆ ಸಹಿ ಹಾಕಿದಳೆನ್ನೋಣ. ಲೆಕ್ಕಪತ್ರದ ದೃಷ್ಟಿಯಿಂದ ಅದು ದೋಷ. ಓದುಬರಹ ಬಾರದವಳನ್ನು ತಿಳಿದವರೇ ನಂಬಿಸಿ ಸಹಿ ಹಾಕಿಸಿದ್ದರೆ, ಅವಳ ಆಶಯದ ದೃಷ್ಟಿಯಿಂದ ಅದು ವಂಚನೆಯಲ್ಲ. ಎರಡನ್ನೂ ನೋಡದ ತೀರ್ಪು ಏಕಾಂತವಾದ. ಪಂಜಾಬಿನ ತರ್ಲೋಚನ್ ದೇವ್ ಶರ್ಮಾ ದಾವೆಯಲ್ಲಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಲ್ಲೋ ಒಮ್ಮೆ ನಡೆದ ತಪ್ಪು ಹೆಜ್ಜೆಯನ್ನೇ ಅಧಿಕಾರದ ದುರುಪಯೋಗವೆಂದು ಕರೆಯಲಾಗದೆಂದು ಹೇಳಿದ್ದು ಇದೇ ವಿವೇಕದಿಂದ. ಚುನಾಯಿತನನ್ನು ತೆಗೆದರೆ ಅವನನ್ನು ಆರಿಸಿದವರೂ ಪ್ರಾತಿನಿಧ್ಯ ಕಳೆದುಕೊಳ್ಳುತ್ತಾರೆಂದು ಮಹಾರಾಷ್ಟ್ರದ ರವಿ ಯಶವಂತ ಭೋಯಿರ್ ದಾವೆಯಲ್ಲಿ 2012ರಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿತು.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ಆಚಾರ್ಯರ ಉಪದೇಶ. ಕ್ರೋಧ, ಮಾನ, ಮಾಯೆ, ಲೋಭಗಳಿಂದ ಹೊರಟ ಆದೇಶ ಎಷ್ಟೇ ಮೊಹರು ಹೊತ್ತಿದ್ದರೂ ಹಿಂಸೆಯೇ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದೆ. ಮೊದಲನೆಯದು ಆಲೋಚನೆ, ಅಂದರೆ ತಪ್ಪಿದವನೇ ಗುರುವಿನೆದುರು ತನ್ನ ದೋಷವನ್ನು ಹೇಳಿಕೊಳ್ಳುವುದು. ಛೇದದಲ್ಲಿ ದೀಕ್ಷಾಕಾಲ ಕಡಿತಗೊಳ್ಳುತ್ತದೆ. ಪರಿಹಾರದಲ್ಲಿ ಮುನಿಯನ್ನು ಕೆಲಕಾಲ ಸಂಘದಿಂದ ದೂರವಿಡಲಾಗುತ್ತದೆ. ಕೊನೆಯದಾದ ಉಪಸ್ಥಾಪನೆಯಲ್ಲಿ ಮತ್ತೆ ದೀಕ್ಷೆ ನೀಡಲಾಗುತ್ತದೆ. ದಂಡನೆ ಆರಂಭವಾಗುವುದು ತಪ್ಪಿದವನ ಮಾತಿನಿಂದ, ಮುಗಿಯುವುದು ಅವನ ಮರುಪ್ರವೇಶದಿಂದ. ಇದರೆದುರು, ವಜಾ ಎಂಬ ಒಂದೇ ಮೆಟ್ಟಿಲಿನ ಶಿಕ್ಷೆ ಎಷ್ಟು ಒರಟಾದುದೆಂಬುದು ತಾನಾಗಿ ತಿಳಿಯುತ್ತದೆ.

ಆಕ್ಷೇಪವೊಂದಿದೆ. ಮೇಲ್ಮನವಿಯ ನೆಪದಲ್ಲಿ ತಡೆಯಾಜ್ಞೆ ತಂದು, ಸಾರ್ವಜನಿಕ ಹಣ ನುಂಗಿದವನು ಅವಧಿ ಮುಗಿಯುವವರೆಗೂ ಕುರ್ಚಿಯಲ್ಲಿ ಕುಳಿತರೆ ಊರಿನ ಗತಿಯೇನು? ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಕುಡಿಯುವ ನೀರಿನ ಹಣ ಅಪಹೃತವಾದರೆ ಬಾಯಾರುವುದು ಬಡವರ ಕೇರಿ. ಅದೂ ಅದತ್ತಾದಾನವೇ, ಹಿಂಸೆಯೇ. ಅನೇಕಾಂತವು ಕಳ್ಳನಿಗೆ ಹಾಸಿದ ಚಾಪೆಯಲ್ಲ. ಆದುದರಿಂದ ಮರುವಿಚಾರಣೆಗೆ ಕಾಲಮಿತಿ ಇರಬೇಕು. ವಿಚಾರಣೆ ನಡೆಯುವಷ್ಟು ದಿನ ಹಣಕಾಸಿನ ಅಧಿಕಾರವನ್ನು ಬೇರೆಯವರಿಗೆ ವಹಿಸಬಹುದು. ನ್ಯಾಯಮಂಡಲಿಯೂ ತನ್ನ ಎಲ್ಲೆಯನ್ನು ಅರಿಯಬೇಕು: ಆರೋಪ ಸಾಬೀತಾಯಿತೇ, ಆಪಾದಿತನ ಮಾತು ಕೇಳಲಾಯಿತೇ, ಶಿಕ್ಷೆ ತಪ್ಪಿಗೆ ತಕ್ಕುದೇ ಎಂಬುದಷ್ಟೇ ಅದರ ಕ್ಷೇತ್ರ. ಊರನ್ನು ಯಾರು ಆಳಬೇಕೆಂಬುದು ಮತದಾರರಿಗೆ ಬಿಟ್ಟದ್ದು.

ಈ ವಿಚಾರ ಪಂಚಾಯತಿಗೆ ಮಾತ್ರ ಸೀಮಿತವಲ್ಲ. ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲೂ ಸದಸ್ಯರನ್ನು ಕೈಬಿಡುವ ಸಂದರ್ಭಗಳು ಬರುತ್ತವೆ. ಲಿಖಿತ ಆರೋಪವಿಲ್ಲದೆ, ಉತ್ತರಕ್ಕೆ ಕಾಲಾವಕಾಶವಿಲ್ಲದೆ, ಒಂದೇ ಸಂಜೆಯ ಸಭೆಯಲ್ಲಿ ಕೈಯೆತ್ತಿಸಿ ಒಬ್ಬ ಶ್ರಾವಕನನ್ನು ಹೊರಗಿಡುವುದು ಎಷ್ಟರಮಟ್ಟಿಗೆ ಧರ್ಮ? ನಿರ್ಣಯದಲ್ಲಿ ಪಾಲ್ಗೊಳ್ಳದ ಮೂವರು ಹಿರಿಯರ ಮುಂದೆ ಮರುವಿಚಾರಣೆ ಕೋರಲು ಅವಕಾಶವಿರಬೇಕೆಂಬ ಒಂದು ನಿಯಮವನ್ನು ಪ್ರತಿಯೊಂದು ಮಂಡಳಿಯೂ ತನ್ನ ನಿಬಂಧನೆಗಳಲ್ಲಿ ಸೇರಿಸಿಕೊಳ್ಳಬಹುದು. ಅದಕ್ಕೆ ಸರ್ಕಾರದ ಕಾಯಿದೆಯನ್ನು ಕಾಯಬೇಕಾಗಿಲ್ಲ. ಪರ್ಯುಷಣದ ಕೊನೆಯಲ್ಲಿ ಪರಸ್ಪರ ಕ್ಷಮೆ ಯಾಚಿಸುವ ಸಮಾಜಕ್ಕೆ, ತಾನು ದಂಡಿಸಿದವನ ಮಾತನ್ನು ಇನ್ನೊಮ್ಮೆ ಕೇಳುವುದು ಭಾರವಾಗಬಾರದು.