ನಲಿ-ಕಲಿ ಕೋಣೆಯಿಂದ ಒಂದು ನಿವೇದನೆ

ತಾಯಿ ಶಾರದೆ, ಬೆಳಗಿನ ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಬರುತ್ತಿದ್ದಾರೆ. ಒಂದರಿಂದ ಮೂರನೇ ತರಗತಿಯವರೆಗಿನವರೆಲ್ಲ ಒಟ್ಟಿಗೆ ನೆಲದ ಮೇಲೆ ದುಂಡಗೆ ಕೂರುವ ಕೋಣೆ ಇದು. ಕಲಿಯುವ ಆಸೆಯನ್ನು ಅವರು ಮನೆಯಿಂದಲೇ ತಂದಿರುತ್ತಾರೆ. ಅದನ್ನು ಸಂಜೆಯವರೆಗೂ ಕೆಡಿಸದೆ ಕಾಪಾಡುವ ತಾಳ್ಮೆಯನ್ನು ನನಗೆ ಕೊಡು.

1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಈ ನಲಿ-ಕಲಿ ಪದ್ಧತಿ ಕಟ್ಟಿದ ಮೇಷ್ಟರುಗಳನ್ನು, ಮೇಡಂಗಳನ್ನು ನೆನೆಯುತ್ತೇನೆ. ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ಕಂಡು ಬಂದು, ನಮ್ಮ ಮಕ್ಕಳಿಗೆ ಒಗ್ಗುವ ಕಲಿಕಾ ಕಾರ್ಡುಗಳನ್ನು ಕೂತು ಬರೆದವರು ಅವರು. ಅ, ಆ, ಇ, ಈ ಎಂದು ವರ್ಣಮಾಲೆ ಉರು ಹೊಡೆಸದೆ ರ, ಗ, ಸ, ದ, ಅ ಎಂದು ಶುರು ಮಾಡಿಸಿದರು. ಗುಣಿತ ಬೇಡ, ಒತ್ತಕ್ಷರ ಬೇಡ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ ಎಲ್ಲವೂ ಮಗುವಿನ ಕೈಗೆ ಬಂದುಬಿಡುತ್ತವೆ.

ಅಗೋ, ಮೂಲೆಯಲ್ಲೊಬ್ಬಳು ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ನೋಡಿಕೊಂಡು, ತಾನೇ ಕಾರ್ಡು ಹುಡುಕಿ ತಂದಿದ್ದಾಳೆ. ಬೆರಳಿಟ್ಟು ‘ಗ... ರ... ಗ...’ ಎಂದು ತಡೆದು ನಿಂತಿದ್ದಾಳೆ. ಕೊನೆಯ ಅಕ್ಷರ ನನ್ನ ನಾಲಿಗೆಯ ತುದಿಯಲ್ಲಿದೆ. ಈಗ ನನ್ನ ಬಾಯಿ ಕಟ್ಟು, ತಾಯಿ. ಅವಳೇ ‘ಸ’ ಅನ್ನಲಿ. ಮತ್ತೆ ಮೊದಲಿನಿಂದ ಒಂದೇ ಉಸಿರಿಗೆ ಓದಲಿ. ಮರಗೆಲಸದ ಅಪ್ಪನ ಕೈಯ ಗರಗಸವೇ ಇದೆಂದು ಹೊಳೆದು ಕಣ್ಣರಳಿಸುತ್ತಾಳಲ್ಲ, ಆ ಸಂತೋಷ ಪೂರ್ತಿ ಅವಳದೇ ಆಗಲಿ.

ನಲಿ-ಕಲಿ 2009ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬಂದ ಕಡೆಯೆಲ್ಲ ನೆಲೆಯೂರಲಿಲ್ಲ ಎಂಬುದನ್ನು ನಿನ್ನ ಮುಂದೆ ಮುಚ್ಚಿಡಲಾರೆ. ಕಾರ್ಡು ಮುಗಿದರೆ ಕಲಿತಂತೆ ಎಂದುಕೊಂಡು ಪ್ರಗತಿ ನೋಟಕ್ಕೆ ಗುರುತು ಹಾಕುತ್ತಾ ಹೋದರೆ ಏಣಿಯೂ ಇನ್ನೊಂದು ದಾಖಲೆ ಪುಸ್ತಕವಷ್ಟೇ. ನಿತ್ಯ ಬರುವ ಮಾಹಿತಿ ಪತ್ರಗಳ ನಡುವೆಯೂ ಮಕ್ಕಳ ಪಕ್ಕ ನೆಲದ ಮೇಲೆ ಕೂರುವಷ್ಟು ಹೊತ್ತು ನಮ್ಮೆಲ್ಲರಿಗೂ ಸಿಗಲಿ.

ಇನ್ನೊಂದು ಬೇಡಿಕೆ ಇದೆ. ಕಾಫಿ ಕೊಯ್ಲಿಗೆ ಹೊರಟ ಅಪ್ಪ ಅಮ್ಮನ ಜೊತೆ ಒಬ್ಬ ಹುಡುಗ ಕೊಡಗಿಗೆ ಹೋಗಿದ್ದಾನೆ. ಈ ಪದ್ಧತಿಯಲ್ಲಿ ಅವನು ಹಿಂದೆ ಬಿದ್ದವನಲ್ಲ; ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಅವನು ಮರಳಿ ಬಂದು ಬಾಗಿಲಲ್ಲಿ ನಿಂತಾಗ ‘ಇಷ್ಟು ದಿನ ಎಲ್ಲೋ ಹೋಗಿದ್ದೆ?’ ಎಂಬ ಗದರಿಕೆ ಯಾರಿಂದಲೂ ಬಾರದಿರಲಿ. ‘ಬಾ ಮಗ, ನಿನ್ನ ಕಾರ್ಡು ತಗೊಂಡು ಬಾ, ಇಲ್ಲಿ ಕೂತ್ಕೊ’ ಎಂದು ಕರೆಯುವಂತೆ ಮಾಡು.