ಖಾಲಿ ಡಬ್ಬಿ ಮರಳಿಸಬೇಡಿ

ಗೋಕಾಕಕ್ಕೆ ವರ್ಗವಾಗಿ ಬಂದ ಮೊದಲ ವರ್ಷ, ವಿಜಯದಶಮಿಯ ಸಂಜೆ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೆ. ನಾನು ಚಾಮರಾಜನಗರದ ಕಡೆಯವನು. ದಸರಾ ಅಂದರೆ ನನಗೆ ಮೈಸೂರಿನ ಜಂಬೂಸವಾರಿ. ಇಲ್ಲಿ ನನಗೆಂಥ ಹಬ್ಬ ಅಂದುಕೊಂಡಿದ್ದೆ. ದೀಪ ಹಚ್ಚುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಎದುರು ಮನೆಯ ಹಿರಿಯರು, ಅವರ ಹಿಂದೆ ಮೊಮ್ಮಕ್ಕಳು, ಎಲ್ಲರ ಕೈಯಲ್ಲೂ ಬನ್ನಿ ಎಲೆ. ‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ ಸರ್’ ಎಂದು ನನ್ನ ಕೈಗಿತ್ತರು. ಹುಡುಗರು ಕಾಲು ಮುಟ್ಟಿ ನಮಸ್ಕರಿಸಿದರು. ಬಂದು ನಾಲ್ಕು ತಿಂಗಳಾಗಿದ್ದರೂ ನಾನು ಆ ಹಿರಿಯರ ಹೆಸರು ಕೇಳಿರಲಿಲ್ಲ.

ಐದು ದಿನಕ್ಕೆ ಸೀಗಿ ಹುಣ್ಣಿಮೆ. ಅದೇ ಮನೆಯವರು ತಮ್ಮ ಹೊಲಕ್ಕೆ ಕರೆದೊಯ್ದರು. ಪೈರು ಹೊತ್ತು ನಿಂತ ಭೂಮಿಯನ್ನು ಬಸುರಿಯೆಂದು ಬಗೆದು, ಅವಳ ಬಯಕೆ ತೀರಿಸಲು ಅಡುಗೆ ಒಯ್ದು ಹೊಲದ ತುಂಬ ಚರಗ ಚೆಲ್ಲುವ ಹಬ್ಬ ಅದು. ಭೂಮಿಗೆ ಉಣಿಸಿದ ಮೇಲೆ ಮನುಷ್ಯರ ಪಂಕ್ತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮೊಸರು ಬುತ್ತಿ. ಬದುವಿನ ಮೇಲೆ ಕೂತು ಉಂಡು ಬಂದ ಮರುದಿನದಿಂದ ಓಣಿಯಲ್ಲಿ ನಾನು ‘ಬಾಡಿಗೆಯವರು’ ಆಗಿ ಉಳಿಯಲಿಲ್ಲ, ‘ನಮ್ಮ ಸರ್’ ಆದೆ.

ಅಂದು ಉಳಿದ ಹೋಳಿಗೆಯನ್ನು ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದರು. ನಾನು ಅದನ್ನು ಚೆನ್ನಾಗಿ ತೊಳೆದು, ಒರೆಸಿ ಮರಳಿಸಿದೆ. ಆ ಮನೆಯ ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿ, ‘ಖಾಲಿ ಡಬ್ಬಿ ಕೊಡಬಾರದ್ರೀ. ನಾಕ ಕಾಳ ಸಕ್ರಿ ಆದ್ರೂ ಹಾಕಿ ಕೊಡ್ರಿ’ ಅಂದರು. ಮುಂದಿನ ಭಾನುವಾರ ಅದೇ ಡಬ್ಬಿಯಲ್ಲಿ ನಮ್ಮ ಕಡೆಯ ಉಪ್ಸಾರು, ಜೊತೆಗೆ ಎರಡು ರಾಗಿ ಮುದ್ದೆ ಒಯ್ದೆ. ‘ಹೆಂಗೈತ್ರೀ?’ ಎಂದು ಅವರದೇ ಮಾತಿನಲ್ಲಿ ಕೇಳಿದೆ. ‘ಅಡ್ಡಿಯಿಲ್ರೀ’ ಎಂದರು. ರುಚಿಸಲಿಲ್ಲವೇನೋ ಅಂತ ಮನಸ್ಸಿಗೆ ಕಷ್ಟವಾಯಿತು. ಚೆನ್ನಾಗಿದೆ ಅನ್ನುವುದಕ್ಕೆ ಈ ಸೀಮೆಯಲ್ಲಿ ಹಾಗೆ ಹೇಳುತ್ತಾರೆಂದು ತಿಳಿದದ್ದು ಆಮೇಲೆ.

ಹೊಸ ಊರಿಗೆ ಹೋದವರಿಗೆ ಯಾರ ಹಂಗೂ ಬೇಡ ಅನ್ನುವ ಬುದ್ಧಿ ಇರುತ್ತದೆ. ಕೊಂಡದ್ದಕ್ಕೆಲ್ಲ ಅಲ್ಲೇ ದುಡ್ಡು, ಉಪಕಾರಕ್ಕೆ ತಕ್ಷಣ ಪ್ರತ್ಯುಪಕಾರ. ಹೀಗೆ ಬಾಕಿ ತೀರಿಸಿಕೊಂಡವನ ಮನೆಗೆ ಮತ್ತೆ ಬರಲು ಯಾರಿಗೂ ನೆಪ ಸಿಗುವುದಿಲ್ಲ. ಆ ಡಬ್ಬಿ ನಮ್ಮಿಬ್ಬರ ಮನೆಗಳ ನಡುವೆ ಮೂರು ವರ್ಷ ಓಡಾಡಿತು. ಬಾಕಿ ಯಾರ ಕಡೆಗಿತ್ತೆಂದು ನಾವು ಲೆಕ್ಕ ಹಾಕಲಿಲ್ಲ.

ಅಲ್ಲಿಂದ ಮೂಡಲಗಿ, ಆಮೇಲೆ ಹುಕ್ಕೇರಿ. ಹುಕ್ಕೇರಿಯಲ್ಲಿ ಮನೆ ಮಾಡಿದಾಗ ತಿಳಿದು ಅಚ್ಚರಿಪಟ್ಟ ಸಂಗತಿ: ಆ ತಾಲ್ಲೂಕಿನ ಮನೆಗಳಿಗೆ ಕರೆಂಟು ಕೊಡುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಊರಿನವರು ಸೇರಿ ಕಟ್ಟಿದ್ದರ ಬೆಳಕಿನಲ್ಲಿ ನಾನು ಓದಿದ್ದೇನೆ. ಪಕ್ಕದ ಸಂಕೇಶ್ವರದ ಸಂತೆಯಲ್ಲಿ ಒಬ್ಬಳೇ ಅಕ್ಕ ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಮರಾಠಿ, ಮತ್ತೊಬ್ಬರಿಗೆ ಉರ್ದು ಆಡುತ್ತ ಮೆಣಸಿನಕಾಯಿ ತೂಗುತ್ತಾಳೆ. ಬಂದವರ ಮಾತಿಗೆ ತನ್ನ ನಾಲಗೆಯನ್ನು ಹೊಂದಿಸಿಕೊಳ್ಳುವ ಇಂಥವರಿರುವ ಕಡೆ ಹೊಸಬನ ಕೆಲಸ ಅರ್ಧ ಹಗುರ.

ಈ ಸೀಮೆಗೆ ಹೊರಗಿನವರು ಬರುವುದು ಹೊಸತೂ ಅಲ್ಲ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಮಿಲ್ಲಿನ ಸುತ್ತ, ಘಟಪ್ರಭಾ ನದಿ 52 ಮೀಟರ್ ಧುಮುಕುವ ಬಂಡೆಯ ಮಗ್ಗುಲಲ್ಲಿ, ಕೆಲಸ ಹುಡುಕಿ ಬಂದವರಿಂದಲೇ ಒಂದು ಊರು ಬೆಳೆಯಿತು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ನಾ. ಸು. ಹರ್ಡೀಕರರು ಧಾರವಾಡ ಕಡೆಯವರು, ಅಮೆರಿಕದಲ್ಲಿ ಓದಿ ಬಂದವರು. ನೆಲೆ ನಿಂತದ್ದು ಇಲ್ಲಿನ ಘಟಪ್ರಭಾ ಊರಿನಲ್ಲಿ.

ಆದರೂ ನನಗೆ ಸಮಾಧಾನವಿಲ್ಲದ ಒಂದು ವಿಷಯವಿದೆ. ನನ್ನ ಬಾಗಿಲಿಗೆ ಬನ್ನಿ ಬಂದದ್ದಕ್ಕೆ ನನ್ನ ನೌಕರಿಯೂ ಒಂದಿಷ್ಟು ಕಾರಣ. ಅಂಥ ನೌಕರಿಯಿಲ್ಲದೆ ಬರುವವರೂ ಇದ್ದಾರೆ. ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದ ಕೂಡಲೆ ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಗ್ಯಾಂಗಿನವರು ಬರುತ್ತಾರೆ. ಗಂಡ ಹೆಂಡತಿ ಕೂಡಿ ಕಬ್ಬು ಕಡಿದು, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾರೆ. ತಿಂಗಳುಗಟ್ಟಲೆ ನಮ್ಮ ಹೊಲಗಳ ಅಂಚಿನಲ್ಲೇ ಗುಡಿಸಲು, ಅಲ್ಲೇ ಮೂರು ಕಲ್ಲಿನ ಒಲೆ. ಅವರ ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ನಮಗೆ ಅವರು ‘ಗ್ಯಾಂಗಿನವರು’ ಅಷ್ಟೆ. ಹಂಗಾಮು ಮುಗಿದು ಹೊರಟಾಗಲೂ ಒಬ್ಬರ ಹೆಸರು ಗೊತ್ತಿರುವುದಿಲ್ಲ. ವರ್ಗವಾಗಿ ಬಂದ ಅಧಿಕಾರಿಗಿಂತ ಬನ್ನಿ ಎಲೆಯ ಅಗತ್ಯ ಹೆಚ್ಚಿರುವುದು ಅವರಿಗೆ. ಇದನ್ನು ಅರಿಯಲು ನನಗೇ ಹನ್ನೊಂದು ವರ್ಷ ಬೇಕಾಯಿತು.

ಅವರು ಇಲ್ಲಿರುವಾಗಲೇ ಎಳ್ಳ ಅಮಾವಾಸ್ಯೆ ಬರುತ್ತದೆ. ಮತ್ತೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಅಂದು ನಿಮ್ಮ ಬುತ್ತಿಗಂಟಿನಲ್ಲಿ ನಾಲ್ಕು ರೊಟ್ಟಿ ಹೆಚ್ಚಿಗೆ ಇರಲಿ. ಬದುವಿನಾಚೆಯ ಗುಡಿಸಲಿನವರನ್ನು ಹೆಸರು ಕೇಳಿ, ಹೆಸರು ಹಿಡಿದು ಪಂಕ್ತಿಗೆ ಕರೆಯಿರಿ. ಅವರ ಒಲೆಯ ಮೇಲೆ ಬೆಂದದ್ದನ್ನು ಕೊಟ್ಟರೆ ನೀವೂ ಬೇಡ ಅನ್ನದೆ ಉಣ್ಣಿ.